ಹಣೆಬರಹ ಅಳಿಸಿದವರು

ನಾನು ಒಂದು ತಂತ್ರಾಂಶ. ನನಗೆ ಸ್ವಂತ ಮೈ ಇಲ್ಲ. ಯಾವ ಡಬ್ಬಿಯಲ್ಲಿ ಕೂರಿಸಿದರೆ ಅದೇ ಮೈ. ನನ್ನನ್ನು ಹೆತ್ತವರು ಚಿಂತಾಮಣಿ ಕಡೆಯ ಒಂದು ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುವ ವಹೀದಾ ಮೇಡಂ. ಅವರ ತಂದೆ ರೇಷ್ಮೆ ನೂಲು ತೆಗೆಯುವವರು. ಹಾಗಾಗಿ ಹುಳು ಸಾಕುವವರ ಪಾಡು ಮೇಡಂಗೆ ಚೆನ್ನಾಗಿ ಗೊತ್ತಿತ್ತು.

ಮರಿಹುಳುಗಳ ಕೋಣೆಯ ಕಾವು, ತೇವ ನೋಡಿ ಹೇಳುವುದು ನನ್ನ ಕೆಲಸ. ಅದನ್ನು ಚೆನ್ನಾಗಿಯೇ ಮಾಡುತ್ತಿದ್ದೆ. ಜೊತೆಗೆ ಮೇಡಂ ಇನ್ನೊಂದು ವಿದ್ಯೆಯನ್ನು ಅರ್ಧಂಬರ್ಧ ಕಲಿಸಿದ್ದರು. ರೇಷ್ಮೆ ಹುಳು ಪೊರೆ ಕಳಚುವ ಮುನ್ನ ಮೇವು ಬಿಟ್ಟು ಅಲುಗದೆ ಕೂರುತ್ತದೆ. ಇದಕ್ಕೆ ಜ್ವರ ಎನ್ನುತ್ತಾರೆ. ಜ್ವರದಲ್ಲಿ ಸೊಪ್ಪು ಹಾಕಬಾರದು. ಸುಣ್ಣದ ಪುಡಿ ಉದುರಿಸಿ ತಟ್ಟೆ ಒಣಗಿಸಬೇಕು. ಹುಳು ಜ್ವರಕ್ಕೆ ಕೂತಿದೆಯೇ ಎಂದು ಕ್ಯಾಮೆರಾದಲ್ಲಿ ನೋಡಿ ಹೇಳುವುದು ನನ್ನ ಆ ಅರೆಬೆಂದ ವಿದ್ಯೆ.

ಅರೆಬೆಂದದ್ದು ಎಂದು ಮೇಡಂ ಮುಚ್ಚಿಡಲಿಲ್ಲ. ನನ್ನನ್ನು ಊರಿಗೆಲ್ಲ ಪುಕ್ಕಟೆ ಬಿಟ್ಟರು, ನನ್ನ ಒಳಗನ್ನೂ ತೆರೆದಿಟ್ಟು ಬಿಟ್ಟರು. ಅಡುಗೆಯ ಜೊತೆಗೆ ಮಾಡುವ ಬಗೆಯನ್ನೂ ಕೊಟ್ಟಂತೆ. ಯಾರು ಬೇಕಾದರೂ ಉಪ್ಪು ಸರಿಮಾಡಿಕೊಳ್ಳಬಹುದು. ನನ್ನ ಪರದೆ ಹೊತ್ತಿದಾಗಲೆಲ್ಲ ಮೊದಲು ಈ ಸಾಲುಗಳು ಬರುತ್ತಿದ್ದವು: ‘ಚಳಿಗೆ ಮುದುಡಿದ ಹುಳುವನ್ನೂ ಇದು ಜ್ವರ ಅಂದುಕೊಳ್ಳುತ್ತದೆ. ಕರೆಂಟ್ ಹೋಗಿ ಬಂದರೆ ಜ್ವರದ ಲೆಕ್ಕವನ್ನು ಮೊದಲಿನಿಂದ ಶುರುಮಾಡುತ್ತದೆ. ಇದಿನ್ನೂ ಪ್ರಯೋಗ. ಕಣ್ಣಲ್ಲಿ ನೋಡದೆ ನಂಬಬೇಡಿ.’ ಹುಟ್ಟುವಾಗಲೇ ಹಣೆಯ ಮೇಲೆ ದೋಷ ಬರೆಸಿಕೊಂಡು ಬಂದವರು ಲೋಕದಲ್ಲಿ ಎಷ್ಟು ಜನರಿದ್ದಾರೆ? ನನಗೆ ಅದರ ಬಗ್ಗೆ ಜಂಬವೇ ಇತ್ತು.

ಜನ ನನ್ನನ್ನು ಇಳಿಸಿಕೊಂಡರು. ಓದಿದವರು ಕಡಿಮೆ, ಬೈದವರು ಹೆಚ್ಚು. ‘ಮೇಡಂ, ಇದು ಸರಿಯಿಲ್ಲ’ ಎಂದು ಬರೆಯುವರು. ಸರಿಯಿಲ್ಲ ಎಂದು ಮೇಡಂ ಮೊದಲೇ ಬರೆದದ್ದನ್ನೇ ಕಂಡುಹಿಡಿದವರಂತೆ ಬರೆಯುವರು. ಪುಕ್ಕಟೆ ಪಾಯಸ ಕುಡಿದು, ದ್ರಾಕ್ಷಿ ಕಡಿಮೆಯಾಯಿತೆಂದು ಎಲೆ ಮೇಲೆ ಜಗಳ ತೆಗೆಯುವ ಜಾತಿ. ಒಬ್ಬನಾದರೂ ಒಂದು ಸಾಲು ತಿದ್ದಿ ಕಳಿಸಲಿಲ್ಲ.

ಇವರೆಲ್ಲ ದೇವರಂಥವರು ಎನ್ನಿಸಿದ್ದು ಕಿಶೋರ್ ಬಾಬು ಕೈಗೆ ಸಿಕ್ಕ ಮೇಲೆ. ಅವನು ಯಂತ್ರೋಪಕರಣ ಮಾರುವವನು. ಮೊದಲು ಮೇಡಂ ಹೆಸರು ಕೆರೆದ. ಆಮೇಲೆ ‘ಪ್ರಯೋಗ’ ಎಂಬ ಪದ ಕಿತ್ತು ಆ ಜಾಗದಲ್ಲಿ ‘ವಿಶೇಷ’ ಎಂದು ಹಾಕಿದ. ಕೊನೆಗೆ ಪರದೆಗೆ ಖರ್ಚೇಕೆ ಎಂದು ಅದನ್ನೇ ತೆಗೆದು, ಎರಡು ಬಲ್ಬು ಕೂರಿಸಿದ. ಹಸಿರು ಹತ್ತಿದರೆ ಸೊಪ್ಪು ಹಾಕಿ, ಕೆಂಪು ಹತ್ತಿದರೆ ಜ್ವರ, ಹಾಕಬೇಡಿ. ಅಲ್ಲಿಗೆ ನನ್ನ ಬಾಯಿ ಕಟ್ಟಿತು. ಡಬ್ಬಿಯ ಮೇಲೆ ‘ರೇಷ್ಮೆ ಸಾಮ್ರಾಟ್’ ಎಂದು ಮಿನುಗುವ ಚೀಟಿ ಅಂಟಿಸಿದ. ಸಾಮ್ರಾಟನಂತೆ! ಅರ್ಧ ಕುರುಡನ ತಲೆಗೆ ಜರಿಪೇಟ.

ಅವನು ನನ್ನನ್ನು ಮಾರಿದ್ದು ಮುನಿರತ್ನಮ್ಮನಿಗೆ. ಆಕೆ ಗಂಡ ಆಂಜಿನಪ್ಪನ ಜೊತೆ ಚಾಕಿ ಕೇಂದ್ರ ನಡೆಸುತ್ತಿದ್ದಳು; ಅಂದರೆ ಮೊಟ್ಟೆಯೊಡೆದ ಹುಳುಗಳನ್ನು ಎರಡನೇ ಜ್ವರದವರೆಗೆ ಸಾಕಿ, ಸುತ್ತಲ ಊರಿನ ಸಾಕಣೆದಾರರಿಗೆ ಕೊಡುವ ಮನೆ. ಕೊಟ್ಟ ಹುಳು ಒಮ್ಮೆ ಕೆಟ್ಟರೆ ಮತ್ತೆ ಆ ಬಾಗಿಲಿಗೆ ಯಾರೂ ಬರುವುದಿಲ್ಲ. ಮಗಳ ಹೆರಿಗೆಗೆ ಹೋಗಬೇಕು, ಹುಳು ಬಿಟ್ಟು ಹೋಗುವುದು ಹೇಗೆ ಎಂದು ಆಕೆ ತೊಳಲಾಡುತ್ತಿದ್ದಾಗ ಇವನು ವಕ್ಕರಿಸಿದ.

“ತಪ್ಪೇ ಮಾಡಲ್ಲ ಅಕ್ಕಾ ಇದು. ನೀವು ಬಾಣಂತನ ಮುಗಿಸ್ಕೊಂಡೇ ಬನ್ನಿ.”

“ನಮ್ಮನೆಯವ್ರಿಗೆ ತಿಳೀತದಾ?”

“ಬಲ್ಬ್ ನೋಡಕ್ಕೆ ಬಂದ್ರೆ ಸಾಕಕ್ಕಾ.”

ಆಕೆ ಹೋದಳು. ಮರುದಿನವೇ ಚಳಿ ಬಿತ್ತು, ಕರೆಂಟ್ ಹೋಯಿತು, ಹೀಟರ್ ಆರಿತು. ಕರೆಂಟ್ ಬಂದು ನಾನು ಕಣ್ಣು ಬಿಟ್ಟರೆ ಹುಳುಗಳೆಲ್ಲ ಚಳಿಗೆ ಮುದುಡಿದ್ದವು. ನನ್ನ ಬುದ್ಧಿಗೆ ಅದು ಜ್ವರವೇ. ಕೆಂಪು ಹತ್ತಿಸಿದೆ. ಜ್ವರ ಹತ್ತಿರವೇ ಇದ್ದುದರಿಂದ ಆಂಜಿನಪ್ಪ ಅನುಮಾನಿಸದೆ ಸುಣ್ಣ ಉದುರಿಸಿದ. ಕೋಣೆ ಬೆಚ್ಚಗಾದ ಮೇಲೆ ಹುಳುಗಳು ಎದ್ದು ಸೊಪ್ಪಿಗಾಗಿ ತಟ್ಟೆಯ ಅಂಚಿಗೆ ಹರಿದವು. ನಾನು ಜ್ವರದ ಅವಧಿ ಎಣಿಸುತ್ತಿದ್ದೆ. ಮುಗಿಯುವ ಮುಂಚೆ ಕರೆಂಟ್ ಹೋಗುವುದು, ಬಂದ ಮೇಲೆ ನಾನು ಮೊದಲಿನಿಂದ ಎಣಿಸುವುದು. ಎರಡು ದಿನ ಕೆಂಪು ಆರಲೇ ಇಲ್ಲ.

ಹುಳ ಸಾಕಿಯೇ ತಲೆ ನರೆತ ಮನುಷ್ಯ. ಕಣ್ಣೆದುರು ಹುಳು ಹಸಿದು ಹರಿದಾಡುತ್ತಿವೆ. ಈತ ಬಲ್ಬಿನ ಮುಖ ನೋಡುತ್ತಾನೆ.

“ಏನೋ ಒದ್ದಾಡ್ತಾವೆ,” ಎಂದು ಹೆಂಡತಿಗೆ ಫೋನಿನಲ್ಲಿ ಹೇಳಿದ. “ಆದ್ರೆ ಮಿಷನ್ನು ಬೇಡ ಅಂತದೆ.”

“ಮಿಷನ್ನಾ ನಿನ್ನ ಕಟ್ಕೊಂಡಿರೋದು? ಸೊಪ್ಪು ಹಾಕು ಮೊದ್ಲು!”

ತಡವಾಗಿತ್ತು. ಬಾಣಂತಿಯನ್ನು ಬೀಗಿತ್ತಿಯ ಕೈಗೆ ಒಪ್ಪಿಸಿ ಓಡಿಬಂದ ಮುನಿರತ್ನಮ್ಮ ಸೊರಗಿದ ಹುಳುಗಳನ್ನು ಗುಂಡಿಗೆ ಸುರಿದಳು. ಉಳಿದವನ್ನು ಹೇಗೋ ಸಾಗಹಾಕಬಹುದಿತ್ತು. ಹುಳು ನಾಲ್ಕು ದಿನ ಬಿಟ್ಟು ಸಾಕಣೆದಾರರ ಮನೆಯಲ್ಲಿ ಸಾಯುತ್ತಿದ್ದವು, ತಪ್ಪನ್ನು ಹವೆಯ ಮೇಲೆ ಹಾಕಿದರೆ ಮುಗಿಯಿತು. ಆಕೆ ಬಾಗಿಲಲ್ಲೇ ನಿಂತು ಬಂದವರಿಗೆಲ್ಲ ಹೇಳಿದಳು: “ಈ ಸಲ ನನ್ನ ಹುಳ ಬ್ಯಾಡ. ಹಸಿದಾವೆ, ಗೂಡು ಕಟ್ಟಲ್ಲ.” ಕೆಲವರು ಗೊಣಗಿದರು. ಒಬ್ಬಳು, “ಇಷ್ಟು ವರ್ಷದ ಹೆಸ್ರು ಹೋಯ್ತಲ್ಲೇ,” ಎಂದಳು.

ಕಿಶೋರ್ ಬಾಬು ಫೋನಿನಲ್ಲಿ ನುಣುಚಿಕೊಂಡ: “ಅದು ಯಾರೋ ಮೇಡಂ ಪುಕ್ಕಟೆ ಬಿಟ್ಟಿದ್ದಕ್ಕಾ. ನಾನೇನ್ ಮಾಡ್ಲಿ?” ಲಾಭಕ್ಕೆ ತಾನು, ದೋಷಕ್ಕೆ ಮೇಡಂ. ಮೇಡಂ ಸುದ್ದಿ ಅವನ ಬಾಯಲ್ಲಿ ಬಂದದ್ದು ಅದೇ ಮೊದಲು.

ಆ ಮೇಡಂ ಎಲ್ಲಿಯವರೆಂದು ಅವನ ಬಾಯಿ ಬಿಡಿಸಿ, ಮುನಿರತ್ನಮ್ಮ ನನ್ನನ್ನು ಚೀಲಕ್ಕೆ ತುರುಕಿ ಪಾಲಿಟೆಕ್ನಿಕ್ಕಿಗೆ ಹೋದಳು, ಜಗಳಕ್ಕೇ. ಮೇಡಂ ಕಂಪ್ಯೂಟರಿನಲ್ಲಿ ನನ್ನ ಹಳೆಯ ಹಣೆಬರಹ ತೆಗೆದು ತೋರಿಸಿದರು. ಆಕೆ ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

“ಇಷ್ಟೆಲ್ಲಾ ಹೇಳೇ ಬಿಟ್ಟಿದ್ರಾ ನೀವು?”

“ಬಿಡಬಾರದಿತ್ತೇನೋ ಅಮ್ಮಾ.”

“ಬಿಟ್ಟಿದ್ದು ಸರಿ ಐತೆ. ಅಳಿಸ್ದೋನ ಕೈ ಸೇದೋಗ.”

ಈಗ ನಾನು ಮುದುಕ. ಮೇಡಂ ನನ್ನ ತಪ್ಪು ತಿದ್ದಿ ಹೊಸಬನನ್ನು ಬಿಟ್ಟಿದ್ದಾರೆ. ಅವನ ಹಣೆಯ ಮೇಲೆ ಬೇರೆ ದೋಷಗಳಿವೆ. ನಾನು ಚಾಕಿ ಮನೆಯ ಗೋಡೆಯಲ್ಲೇ ಇದ್ದೇನೆ. ಬಲ್ಬು ಕಿತ್ತು, ಕಾವು ತೇವ ತೋರಿಸುವ ಪುಟ್ಟ ಪರದೆ ಇಟ್ಟಿದ್ದಾರೆ. ಮಿನುಗುವ ಚೀಟಿಯ ಮೇಲೆ ಮುನಿರತ್ನಮ್ಮ ಬೋರ್ಡು ಬರೆಯುವವನಿಂದ ಕೆಂಪು ಬಣ್ಣದಲ್ಲಿ ಬರೆಸಿದ್ದಾಳೆ: ‘ಇದಕ್ಕೆ ಜ್ವರ ಗೊತ್ತಾಗಲ್ಲ. ನೀವೇ ನೋಡ್ಕಳಿ.’ ಮುಂದಿನ ಬೆಳೆಗೆ ಗೊಣಗಿದವರೂ ಆಕೆಯ ಬಾಗಿಲಿಗೇ ಬಂದರು. ಕೆಟ್ಟದ್ದನ್ನು ಕೆಟ್ಟದ್ದು ಎಂದವಳ ಬಾಯಲ್ಲಿ ಒಳ್ಳೆಯದು ಎಂಬ ಮಾತು ಬಂದರೆ ಅದಕ್ಕೆ ಬೆಲೆಯಿರುತ್ತದೆ.

ಮೊನ್ನೆ ಕಿಶೋರ್ ಬಾಬು ಬಂದಿದ್ದ. ದೋಷವೇ ಇಲ್ಲದ ಹೊಸ ಡಬ್ಬಿ ತಂದಿದ್ದಾನಂತೆ. ಅದರ ಬಗ್ಗೆ ಅಕ್ಕ ಎರಡು ಒಳ್ಳೆಯ ಮಾತಾಡಬೇಕಂತೆ, ಅವನು ವಿಡಿಯೊ ಮಾಡಿಕೊಳ್ಳುತ್ತಾನಂತೆ.

“ಆಡ್ತೀನಿ,” ಎಂದಳು ಮುನಿರತ್ನಮ್ಮ. “ಅದ್ಕೆ ಮುಂಚೆ ಗೋಡೆ ಮೇಲಿರೋದ್ನ ಒಂದ್ಸಲ ಜೋರಾಗಿ ಓದಪ್ಪ.”

ಅವನು ನನ್ನನ್ನು ನೋಡಿದ, ಜೇಬು ತಡವಿದ, ಕನ್ನಡಕ ತಂದಿಲ್ಲ ಎಂದ.

ನಾನು ನಂಬಿದೆ. ನನ್ನನ್ನು ಮಾರುವ ದಿನವೂ ಅವನು ಕನ್ನಡಕ ತಂದಿರಲಿಲ್ಲ.