ಫೋಟೋ ಮೊದಲು, ಮಾತು ಆಮೇಲೆ

ಜನರನ್ನು ಕೇಳಿಯೇ ಎಲ್ಲ ಮಾಡುತ್ತೇನೆ ಅನ್ನುವುದು ಜಿಲ್ಲಾ ಆರೋಗ್ಯ ಕಚೇರಿಯ ಮ್ಯಾನೇಜರ್ ಸೋಮಶೇಖರನ ಬಾಯಿಪಾಠ. ಕೇಳುವುದೇನೋ ನಿಜ, ಯಾರನ್ನು ಕೇಳಬೇಕು, ಯಾವಾಗ ಕೇಳಬೇಕು ಅನ್ನುವುದು ಮಾತ್ರ ಅವನಿಷ್ಟ. ಚಾಮರಾಜನಗರದಿಂದ ಜೀಪಿನಲ್ಲಿ ಬರುತ್ತಿದ್ದ. ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನ ಆ ಸಣ್ಣ ಆಸ್ಪತ್ರೆಯ ಸಮಿತಿಗೆ ಬಾಯಿಲ್ಲದವರನ್ನೇ ಆರಿಸಿ ಕೂರಿಸಿದ್ದ. ಚೆಂಡುಹೂ ಕೀಳುವ ಕೂಲಿಯ ಪುಟ್ಟಮಾದಮ್ಮನನ್ನು ಸೇರಿಸಿಕೊಂಡಿದ್ದೂ ಅದಕ್ಕೇ. ಪಾಪ, ಎಡವಿದ್ದೇ ಅಲ್ಲಿ.

ಅವನ ಸಭೆಯಲ್ಲಿ ಫೋಟೋ ಮೊದಲು, ಮಾತು ಆಮೇಲೆ. “ಎಲ್ಲಾ ಕೈ ಎತ್ತಿ, ಫೋಟೋಗೆ ಚೆನ್ನಾಗಿರುತ್ತೆ” ಅನ್ನುತ್ತಿದ್ದ. ಹೋದ ವರ್ಷ ಸಮಿತಿಯ ಆರು ಜನ ಹೆಂಗಸರು ಹಲ್ಲು ಕಿರಿದು ಕೈ ಎತ್ತಿದ್ದರು. ತಿಂಗಳೊಪ್ಪತ್ತಿನಲ್ಲಿ ರಕ್ತಪರೀಕ್ಷೆಯ ಕೋಣೆಗೆ ಬೀಗ ಬಿತ್ತು. ಯಾಕೆಂದು ಕೇಳಿದರೆ ನರ್ಸ್ ಶಿವರಂಜನಿ ವರದಿ ತೆಗೆದು ತೋರಿಸಿದಳು. ಅದೇ ಫೋಟೋ, ಕೆಳಗೆ ‘ಸಾರ್ವಜನಿಕರು ಕೈ ಎತ್ತಿ ಒಪ್ಪಿಗೆ ಸೂಚಿಸಿದರು’ ಎಂಬ ಸಾಲು. ಪುಟ್ಟಮಾದಮ್ಮನಿಗೆ ಮೈಯೆಲ್ಲ ಉರಿದುಹೋಯಿತು.

ಈ ಸಲ ಹೆರಿಗೆ ಕೋಣೆಯ ಸರದಿ. ಅದನ್ನು ಮುಚ್ಚಿ ಗುಂಡ್ಲುಪೇಟೆಗೆ ಸಾಗಿಸುತ್ತಾರಂತೆ ಎಂದು ಶಿವರಂಜನಿಯೇ ಕಿವಿಗೆ ಹಾಕಿದ್ದಳು. ಪುಟ್ಟಮಾದಮ್ಮನ ಮಗಳು ಕುಮಾರಿಗೆ ಎಂಟು ತಿಂಗಳು ತುಂಬಿತ್ತು. ಕತ್ತಲಾದರೆ ರಸ್ತೆಯಲ್ಲಿ ಆನೆ. ಆನೆ ದಾಟುವವರೆಗೆ ಹೆರಿಗೆ ನೋವು ಕಾಯುತ್ತದೆಯೇ?

ಸೋಮಶೇಖರ ಸಭೆಗೆ ಬಂದವನೇ ಮೊಬೈಲು ಹಿಡಿದ. “ಕೈ ಎತ್ತಿ ಅಮ್ಮಾ.”

ಪುಟ್ಟಮಾದಮ್ಮ ಎರಡೂ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡಳು. ಪಕ್ಕದ ಮಂಚಮ್ಮ, ಈರಮ್ಮ, ಉಳಿದವರೂ ಹಾಗೇ ಮಾಡಿದರು.

“ಸುಮ್ನೆ ಫೋಟೋಗೆ ಅಮ್ಮಾ.”

“ಓದ್ಸಲನೂ ಸುಮ್ನೆ ಅಂದ್ಬುಟ್ಟು ಬೀಗ ಜಡುದ್ರಿ. ಈಗ ಎರ್ಗೆ ಕ್ವಾಣೆ ಮುಚ್ಚಕೂ ನಮ್ ಕೈಯೇ ಬೇಕಾ ಸಾರ್?” ಎಂದಳು ಪುಟ್ಟಮಾದಮ್ಮ.

“ತೀರ್ಮಾನ ಮೇಲಿನವರದ್ದು. ನಾನೇನು ಮಾಡಲಿ?”

“ತೀರ್ಮಾನ ಆಗೋಗಿದ್ರೆ ನಮ್ಮನ್ಯಾಕೆ ಕರುದ್ರಿ? ಕೆಲ್ಸ ಬುಟ್ಟು ಬಂದಿರದು ನಿಮ್ ಬಿಸ್ಕತ್ ತಿನ್ನಕಾ?”

ಅವನ ಮುಖ ಕೆಂಪಗಾಯಿತು. “ಒಪ್ಪದಿದ್ರೆ ಸಮಿತಿಗೆ ಬೇರೆಯವರನ್ನ ಹಾಕ್ತೀನಿ.”

“ಆಕಿ. ಎರ್ಗೆ ಆಗ್ದೆ ಇರೋ ಮನೆ ಈ ಊರ್ನಲ್ಲಿ ಯಾವ್ದದೆ, ಉಡುಕ್ಬುಟ್ಟು ಆಕಿ.”

ಅಷ್ಟು ಹೇಳಿ ಎದ್ದು ಹೋಗಿ ಬಾಗಿಲು ತೆರೆದಳು. ಬೆಳಿಗ್ಗೆಯೇ ಹೂವಿನ ಹೊಲದಲ್ಲಿ ಎಲ್ಲರಿಗೂ ಹೇಳಿಟ್ಟಿದ್ದಳು. ಅಂಗಳ ತುಂಬ ಹೆಂಗಸರು, ನಡುವೆ ಹೊಟ್ಟೆ ಹಿಡಿದು ನಿಂತ ಕುಮಾರಿ.

“ಎರ್ಗೆ ಕ್ವಾಣೆ ಇಲ್ಲೇ ಇರ್ಬೇಕು ಅನ್ನೋರು ಕೈ ಎತ್ರವ್ವಾ!”

ಚೆಂಡುಹೂವಿನ ಕರೆ ಹತ್ತಿದ ಕೈಗಳೆಲ್ಲ ಮೇಲೆದ್ದವು. ಸೋಮಶೇಖರ ಮೆಲ್ಲಗೆ ಮೊಬೈಲನ್ನು ಜೇಬಿಗೆ ಇಳಿಸಿದ.

“ಯಾಕ್ಸಾರ್ ಮಡಿಕಂಡ್ರಿ? ಮುಚ್ಚಕಾದ್ರೆ ನಮ್ ಕೈ ಬೇಕು, ಉಳಿಸ್ಕಳಕೆ ಬ್ಯಾಡ್ವಾ? ನೀವು ಫೋಟೋ ತಗಿಯೋಗಂಟ ಇಳ್ಸಕಿಲ್ಲ ಕಣಿ.”

ಜೀಪು ಅಂಗಳದ ಆಚೆ ನಿಂತಿತ್ತು. ಯಾರೂ ದಾರಿ ಬಿಡಲಿಲ್ಲ, ಕೈಯನ್ನೂ ಇಳಿಸಲಿಲ್ಲ. ಕೊನೆಗೆ ಅವನು ಮೊಬೈಲು ಹೊರತೆಗೆದು ಒಂದು ಫೋಟೋ ಹೊಡೆದ.

ಪುಟ್ಟಮಾದಮ್ಮ ಅವನ ಪಕ್ಕಕ್ಕೇ ಬಂದು ನಿಂತಳು.

“ಈಗ ಅದ್ರ ಕೆಳ್ಗೆ ಏನ್ ಬರೀಬೇಕು ಅಂತ ನಾನ್ ಯೋಳ್ತೀನಿ. ಬರ್ಕಳಿ ಸಾರ್.”