ಚಲುವರಾಜನ ಹಣೆಯ ಮಣ್ಣು

ಕಾರ್ತಿಕ ಸೋಮವಾರದ ಬೆಳಗ್ಗೆ ಸಣ್ಣಯ್ಯ ಕೆರಗೋಡಿನ ತನ್ನ ಮನೆಯ ಮುಂದೆ ಎತ್ತುಗಳಿಗೆ ಹುಲ್ಲು ಹಾಕುತ್ತಿದ್ದ. ಚಿಕ್ಕರಸಿನಕೆರೆಯ ಕೆಂಪಸಿದ್ದಯ್ಯ ಬಂದು ನಿಂತ. ಮೊಣಕಾಲಿನವರೆಗೂ ಧೂಳು. ಕೂರು ಎಂದರೂ ಕೂರಲಿಲ್ಲ. ನೀರು ಕೊಟ್ಟರೆ ಕುಡಿಯದೆ ಚೊಂಬನ್ನು ಹಿಡಿದೇ ನಿಂತ.

"ನಿನ್ ತಮ್ಮ ಚಲುವರಾಜು ನೆನ್ನೆ ದೀಪ ಅಚ್ಚೋ ಒತ್ನಲ್ಲಿ ಓಗ್ಬುಟ್ಟ ಕಣಣ್ಣ. ಜ್ವರ ಬಂದು ಮಲಗಿದ್ದೋನು ಏಳ್ಲೇ ಇಲ್ಲ."

ಸಣ್ಣಯ್ಯನ ಕೈಯಲ್ಲಿದ್ದ ಹುಲ್ಲನ್ನು ಎತ್ತು ತಾನೇ ಎಳೆದುಕೊಂಡಿತು.

"ಒಂದ್ ಮಾತು ಯೇಳಿದ್ದ," ಎಂದ ಕೆಂಪಸಿದ್ದಯ್ಯ. "ನಮ್ಮಣ್ಣ ಕೊಟ್ರೆ ನಮ್ಮೂರ ಮಣ್ಣು ಒಂದಿಷ್ಟು ತಂದು ನನ್ ಗುಂಡಿಗೆ ಆಕಿ, ಕೊಡ್ದೆ ಇದ್ರೆ ಜಗಳ ಆಡಬ್ಯಾಡಿ ಅಂದ. ಒತ್ತು ಮುಳುಗೋಕೆ ಮುಂಚೆ ಮಣ್ಣು ಮಾಡ್ತೀವಿ."

ಆ ಮಣ್ಣು ಕೊಡುವುದಿಲ್ಲವೆಂದು ಹಿಂದೆ ಊರೆಲ್ಲ ಕೇಳುವಂತೆ ಕೂಗಿದ್ದವನು ಸಣ್ಣಯ್ಯನೇ.

ಅಣ್ಣತಮ್ಮಂದಿರ ಹರೆಯದಲ್ಲಿ ಊರೂರಿಗೂ ಚಡುಗುಡು ತಂಡವಿತ್ತು. ಉಸಿರು ಕಟ್ಟಿ ಎದುರಿನವರ ಅಂಕಣಕ್ಕೆ ನುಗ್ಗಿ ಮುಟ್ಟಿ ಬರುವವನಿಗೆ ಹೂವಿನ ಹಾರ; ಮೂಲೆಯಲ್ಲಿ ಕಾದು ನಿಂತು ಅವನ ಕಾಲು ಹಿಡಿದು ಬೀಳಿಸುವವನನ್ನು ಯಾರೂ ಕೇಳುತ್ತಿರಲಿಲ್ಲ. ಚಲುವರಾಜು ಹಿಡಿಯುವವನು. ಓಟದಲ್ಲಿ ಚುರುಕಿಲ್ಲ, ಬೆರಳಲ್ಲಿ ಮಾತ್ರ ಇಕ್ಕಳದ ಬಿಗಿ. ಕೆರಗೋಡಿನ ತಂಡಕ್ಕೆ ಸಣ್ಣಯ್ಯನೇ ಮುಂದಾಳು. "ನೀನು ಬೇಲಿ ಗೂಟ ಕಣ್ಲಾ, ನೆಟ್ಟ ಕಡೆ ನಿಂತಿರ್ತೀಯ," ಎಂದು ನಗಾಡಿ ತಮ್ಮನನ್ನು ಹೊರಗಿಟ್ಟ.

ಬೇರೆ ಊರಿನವರು ಕರೆದರು. ಒಂದು ಸುಗ್ಗಿಗೆ ಬಸರಾಳು, ಮುಂದಿನ ಸುಗ್ಗಿಗೆ ಮಳವಳ್ಳಿ, ಆಮೇಲೆ ಮಂಡ್ಯದ ಕಾರ್ಖಾನೆಗೆ ಕಬ್ಬು ಹೊಡೆಯುವ ಗಾಡಿಯವರ ತಂಡ, ಕಡೆಗೆ ಚಿಕ್ಕರಸಿನಕೆರೆ. ಎರಡು ಹೊತ್ತು ಮುದ್ದೆ, ಉಡಲು ಪಂಚೆ, ಮಲಗಲು ಯಾರದೋ ಜಗಲಿ. ಗೆದ್ದ ದಿನ ಓಟಗಾರನನ್ನು ಹೆಗಲ ಮೇಲೆ ಹೊತ್ತು ಮೆರೆಸುವಾಗ ಚಲುವರಾಜು ಕೆರೆಯಲ್ಲಿ ಮಂಡಿಯ ರಕ್ತ ತೊಳೆಯುತ್ತಿದ್ದ. ವರ್ಷ ಕಳೆದಂತೆ ಅವನ ಬೆರಳುಗಳೆಲ್ಲ ಸೊಟ್ಟಗಾದವು.

ಹೀಗೆ ಹೊರಗಿನಿಂದ ಬಂದವನಿಗೆ ಒಂದು ಕಟ್ಟುಪಾಡಿತ್ತು. ಕರೆದ ಊರಿನ ಗುಡಿಯ ಮುಂದಿನ ಮಣ್ಣನ್ನು ಹಣೆಗೆ ಹಚ್ಚಿಕೊಂಡು, ಹೊತ್ತು ಮುಳುಗುವವರೆಗೆ ನಾನು ಈ ಊರಿನ ಮಗ ಎಂದು ದೇವರ ಮೇಲೆ ಆಣೆ ಮಾಡಬೇಕು.

ಬಸರಾಳಿನ ಮಣ್ಣು ಹಚ್ಚಿಕೊಂಡಿದ್ದ ದಿನ ಎದುರಿಗೆ ಬಂದದ್ದು ಕೆರಗೋಡು. ಕೊನೆಯ ಪಾಳಿ ಸಣ್ಣಯ್ಯನದು. ಇಬ್ಬರನ್ನು ಮುಟ್ಟಿ ಹಿಂದಿರುಗಿದವನಿಗೆ ನಡುಗೆರೆ ಒಂದು ಮಾರು ದೂರವಿತ್ತು. ತಮ್ಮನ ಕೈ ಅವನ ಕಾಲಿಗೆ ಬಿತ್ತು. ಬಾಯಿ ಬಿಟ್ಟು ಮಾತಾಡಿದರೆ ಉಸಿರು ಹೋಗುತ್ತದೆ. ಬಿಡು ಎಂದು ಕಣ್ಣಲ್ಲೇ ಬೇಡಿದ. ಇನ್ನೊಂದು ಕಾಲಿನಿಂದ ಮುಖಕ್ಕೆ ಒದ್ದ. ತಮ್ಮನ ಮುಂದಿನ ಹಲ್ಲು ಬಿತ್ತು, ಕೈ ಬಿಡಲಿಲ್ಲ. ಸಣ್ಣಯ್ಯನ ಉಸಿರು ಮುಗಿಯಿತು, ಕೆರಗೋಡು ಸೋತಿತು.

"ಎತ್ತ ಊರ್ನೇ ಮಾರ್ಕೊಂಡ್ಯಲ್ಲೋ! ಸತ್ರೂ ನಿಂಗೆ ನಮ್ಮೂರ ಮಣ್ಣು ಸಿಕ್ಕಾಕಿಲ್ಲ!" ಎಂದು ಸಣ್ಣಯ್ಯ ಕೂಗಿದ.

"ಹಣೇಲಿ ಅವ್ರ ಮಣ್ಣಿತ್ತಲ್ಲಣ್ಣ, ಎಂಗ್ ಬುಡ್ಲಿ?" ಎಂದ ಚಲುವರಾಜು, ಬಾಯಿಯ ರಕ್ತ ಒರೆಸಿಕೊಳ್ಳುತ್ತ. ಆಮೇಲೆ ಅವನು ಊರಿಗೆ ಬರಲಿಲ್ಲ. ಬಾ ಎಂದು ಸಣ್ಣಯ್ಯನೂ ಹೇಳಿಕಳಿಸಲಿಲ್ಲ.

ಕೆಂಪಸಿದ್ದಯ್ಯ ಚೊಂಬನ್ನು ಜಗಲಿಯ ಮೇಲಿಟ್ಟ. "ಆವತ್ತಿಂದ ನಿಮ್ಮೂರ ಮ್ಯಾಲೆ ಆಟ ಅಂದ್ರೆ ಅವ್ನು ಬತ್ತಿರ್ನಿಲ್ಲ ಕಣಣ್ಣ. ಎಷ್ಟ್ ಗೋಗರೆದ್ರೂ ಇಲ್ಲ. ಆಣೆ ಮಾಡುದ್ ಮ್ಯಾಲೆ ಅಣ್ಣನ್ ಕಾಲ್ನೂ ಇಡೀಲೇಬೇಕು, ಅದ್ಕೇ ಆಣೆನೇ ಮಾಡಾಕಿಲ್ಲ ಅನ್ನೋನು. ನಮ್ಮ ಐಕಳು, ಅಣ್ಣನ್ ಒದೆಗೆ ಎದರ್ಕೊಂಡವ್ನೆ ಅಂತ ರೇಗ್ಸೋವು. ಬಾಯಿಗೆ ಕೈ ಅಡ್ಡ ಇಟ್ಕೊಂಡು ನಗೋನು. ಮುಂದಿನ್ ಅಲ್ಲು ಇರ್ನಿಲ್ವಲ್ಲ."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಸಣ್ಣಯ್ಯನ ಹೆಂಡತಿ ಮಹದೇವಮ್ಮ, "ನೀವು ಮಣ್ಣ ತಕ್ಕೊಂಡು ಓಗ್ದಿದ್ರೆ ನಾನು ಓಯ್ತೀನಿ," ಎಂದಳು.

ಸಣ್ಣಯ್ಯ ಮಾರಮ್ಮನ ಗುಡಿಯ ಮುಂದೆ ಕೂತು, ಕೈಯಿಂದಲೇ ಮಣ್ಣು ಬಗೆದು ಟವೆಲ್ಲಿನಲ್ಲಿ ಕಟ್ಟಿಕೊಂಡ. ಮಂಡ್ಯದವರೆಗೆ ಅವನೂ ಕೆಂಪಸಿದ್ದಯ್ಯನೂ ನಡೆದರು. ಪೆಟ್ರೋಲು ಸಿಗದ ಯುದ್ಧದ ಕಾಲ, ಇದ್ದಿಲಿನಿಂದ ಓಡುವ ಬಸ್ಸು ಮದ್ದೂರು ಮುಟ್ಟುವಷ್ಟರಲ್ಲಿ ಎರಡು ಕಡೆ ನಿಂತಿತು. ಬಸ್ಸು ಇಳಿದಾಗ ಬಿಸಿಲು ಓರೆಯಾಗಿತ್ತು. ಸಣ್ಣಯ್ಯ ಗಂಟನ್ನು ಎದೆಗೆ ಅವುಚಿಕೊಂಡು ಚಿಕ್ಕರಸಿನಕೆರೆಯ ದಾರಿಯಲ್ಲಿ ಓಡಿದ. ನರೆತ ತಲೆ, ಅಂದಿನ ಕಾಲುಗಳಲ್ಲ. ಎರಡು ಸಲ ಎಡವಿದ, ಗಂಟು ಮಾತ್ರ ಜಾರಲಿಲ್ಲ. ಕೆಂಪಸಿದ್ದಯ್ಯ ಹಿಂದೆ ಉಳಿದ.

ಗುಂಡಿಯ ಸುತ್ತ ಜನ ಕಾಯುತ್ತಿದ್ದರು. ತಮ್ಮನ ಹಣೆಯ ಮೇಲೆ ವಿಭೂತಿಯ ಪಕ್ಕ ಕೆಂಪು ಮಣ್ಣಿನ ಬೊಟ್ಟು. ಅವರ ಊರಿನ ಕಾಲಭೈರವನ ಗುಡಿಯದು. ಹಿರಿಯ ಲಿಂಗಯ್ಯ ಸಂಕೋಚದಿಂದ ಕೇಳಿದ: "ಒರೆಸಿ ನಿಮ್ಮೂರುದ್ನ ಇಡಾನಾ ಸ್ವಾಮಿ?"

ಸಣ್ಣಯ್ಯನಿಗೆ ಉಸಿರೇ ಇರಲಿಲ್ಲ. ತಡೆದು ಹೇಳಿದ: "ಬ್ಯಾಡಿ. ಆಣೆ ಮಾಡಿ ಅಚ್ಕೊತಿದ್ದದ್ದು. ಅದು ಅಲ್ಲೇ ಇರ್ಲಿ."

ಗುಂಡಿಗಿಳಿದು ತಮ್ಮನ ಬಲಗೈಯನ್ನು ತೆಗೆದುಕೊಂಡ. ಸೊಟ್ಟ ಬೆರಳುಗಳು ಬಿಚ್ಚಲು ಒಲ್ಲವು. ಬೆರಳುಗಳ ಸಂದಿಯಲ್ಲೇ ಊರಿನ ಮಣ್ಣನ್ನು ಸ್ವಲ್ಪ ಸ್ವಲ್ಪವಾಗಿ ತುಂಬಿದ. ಮಿಕ್ಕದ್ದನ್ನು ಎದೆಯ ಮೇಲೆ ಸುರಿದು, ಹೊರಗೆ ಬಂದು ಕೈ ಮುಗಿದ.

"ತಾಯಿ ಮಾರಮ್ಮ, ನಾನು ಕೂಗಿದ್ ಮಾತ್ನ ನೀನು ಕೇಳಿಸ್ಕೊಂಡಿದ್ರೆ ಮರ್ತುಬುಡವ್ವ. ಸ್ವಾಮಿ ಕಾಲಭೈರವ, ಇವ್ನು ಊರೂರ ಜಗಲಿ ಮ್ಯಾಲೆ ಮಲಗ್ದೋನು. ನಿನ್ನ ಮನೇಲಾದ್ರೂ ಒಳೀಕ್ ಕರ್ಕೊ. ಆ ಕೈ ಇನ್ ಯಾರ್ನೂ ಇಡೀದಂಗೆ, ನಿನ್ ಪಾದ ಒಂದ್ನೇ ಇಡ್ಕೊಂಡು ತಣ್ಣಗೆ ಮಲಗ್ಲಿ, ನಮ್ಮಪ್ಪ."