ಲುವಾನ್ ಕೊಟ್ಟದ್ದು

ಎಡಗಾಲಿನ ಕಾಲುಚೀಲದಲ್ಲಿ ತೂತು, ಹೆಬ್ಬೆರಳು ಹೊರಗೆ ಇಣುಕುತ್ತಿದೆ, ದಿನವಿಡೀ ಊರ ಮಕ್ಕಳ ಸ್ಕೂಲ್ ಯೂನಿಫಾರಂ ಹೊಲಿಯುವವಳ ಕಾಲುಚೀಲಕ್ಕೇ ಒಂದು ಹೊಲಿಗೆ ಬೀಳಲಿಲ್ಲ ನೋಡು, ಡಾಕ್ಟರಮ್ಮ ನೋಡಿರುತ್ತಾಳೆ, ನೋಡಿದರೆ ನೋಡಲಿ, ಕಾಲ ನಡುವೆ ದೀಪ ಹಿಡಿದು ಕೂರುವವಳಿಗೆ ಹೆಬ್ಬೆರಳೇನು ಮಹಾ. ಮುಗೀತು ಥೋವಾ, ಅರ್ಧ ಗಂಟೆ ಅಲ್ಲಾಡ್ಬೇಡ ಎಂದು ಹೇಳಿ ಅವಳು ಕೈಗವಸು ಕಳಚಿ ಹೊರಟೂ ಹೋದಳು. ಮುಗೀತಂತೆ. ಎರಡು ನಿಮಿಷವೂ ಹಿಡಿಯಲಿಲ್ಲ, ತೆಳ್ಳನೆಯ ನಳಿಗೆಯೊಂದು ಒಳಗೆ ಹೋದದ್ದು, ತಣ್ಣಗೆ ಏನೋ ಚುಳುಕ್ಕೆಂದದ್ದು, ಅಷ್ಟೆ — ಯಾರೋ ಒಬ್ಬ ಗಂಡಸು, ಹೆಸರಿಲ್ಲ, ಮುಖವಿಲ್ಲ, ಬರೀ ಒಂದು ನಂಬರು, ನರ್ಸ್ ಅದನ್ನು ಗಟ್ಟಿಯಾಗಿ ಓದಿ ಸರೀನಾ ಅಂತ ಕೇಳಿದಳು, ಸರಿ ಎಂದಳು ಥೋವಾ, ಸರಿಯೋ ತಪ್ಪೋ ಇವಳಿಗೇನು ಗೊತ್ತು, ಮೂರು ಸಲವೂ ಸರಿ ಅಂತಲೇ ಹೇಳಿದ್ದಾಳೆ. ಮೂರನೆಯದು ಇದು. ಆ ನಂಬರಿನ ಕೊನೆಯ ಸೀಸೆ. ಸೊಂಟದ ಕೆಳಗೆ ದಿಂಬು, ಬೆನ್ನು ಹಿಡಿದುಕೊಳ್ಳುತ್ತಿದೆ, ಮಗ್ಗುಲಾಗಬಾರದು, ಕೆಮ್ಮು ಬಂದರೆ ನುಂಗಬೇಕು, ಮೊದಲ ಸಲ ಕೆಮ್ಮಿದ್ದಕ್ಕೇ ನಿಲ್ಲಲಿಲ್ಲ ಎಂದು ಅತ್ತೆ ಇವತ್ತಿಗೂ ಹೇಳುತ್ತಾರೆ. ಫೋನು ಗುಂಯ್ ಎಂದಿತು. ಖಾಂಗ್. ಆಯ್ತಾ, ಅಷ್ಟೇ ಬರೆದಿದ್ದಾನೆ, ಬಸ್ಸನ್ನು ಯಾವುದೋ ಸ್ಟಾಪಿನಲ್ಲಿ ನಿಲ್ಲಿಸಿ ಜನ ಹತ್ತುವುದರೊಳಗೆ ಬರೆದಿರಬೇಕು. ಆಯ್ತು ಎಂದು ಬರೆದಳು. ಗಂಡ ಹೆಂಡಿರ ಮಾತು ಇಷ್ಟಕ್ಕೆ ಬಂದು ನಿಂತಿದೆ.

ಪಾಪ, ಅವನದೇನು ತಪ್ಪು, ಇಪ್ಪತ್ತನೆಯ ವಯಸ್ಸಿನಲ್ಲಿ ಸೈನ್ಯದಲ್ಲಿದ್ದಾಗ ಮಂಗನಬಾವು ಬಂದು ಕೆನ್ನೆ ಊದಿತ್ತಂತೆ, ಗೆಳೆಯರೆಲ್ಲ ನಕ್ಕು ಫೋಟೋ ತೆಗೆದಿದ್ದರಂತೆ, ಆ ಫೋಟೋ ಇನ್ನೂ ಇದೆ, ಅದನ್ನು ನೋಡಿ ಇವಳೂ ಮದುವೆಯಾದ ಹೊಸದರಲ್ಲಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದಳು. ಆ ಬಾವಿನಿಂದಲೇ, ವೀರ್ಯಾಣು ಒಂದೂ ಇಲ್ಲ ಎಂದಿದ್ದರು ಡಾಕ್ಟರು, ಕಮ್ಮಿ ಅಲ್ಲ, ಒಂದೂ ಇಲ್ಲ. ಆಮೇಲೆ ಹನ್ನೊಂದು ವರ್ಷ. ಆಸ್ಪತ್ರೆಯ ವೀರ್ಯ ಬ್ಯಾಂಕಿನಿಂದ ತಗೊಳ್ಳಿ ಎಂದರು, ಆದರೆ ಸುಮ್ಮನೆ ಕೊಡುವುದಿಲ್ಲ, ನೀವೊಬ್ಬ ಗಂಡಸನ್ನು ಕರ್ಕೊಂಡು ಬರಬೇಕು, ಅವನು ಕೊಟ್ಟದ್ದು ಬ್ಯಾಂಕಿಗೆ ಹೋಗುತ್ತದೆ, ಬದಲಿಗೆ ಇನ್ಯಾರದ್ದೋ ನಿಮಗೆ, ಅವನದು ಯಾರಿಗೆ ಹೋಯಿತು, ನಿಮಗೆ ಬಂದದ್ದು ಯಾರದು, ಯಾರೂ ಕೇಳಬಾರದು, ಯಾರೂ ಹೇಳುವುದಿಲ್ಲ. ಎಲ್ಲಿಂದ ತರೋದು ಗಂಡಸನ್ನು? ಖಾಂಗ್ ಒಂದು ತಿಂಗಳು ಒದ್ದಾಡಿದ, ಡಿಪೋದಲ್ಲಿ ಟೀ ಕುಡಿಯುತ್ತಾ ಜೊತೆಯವರ ಮುಖ ನೋಡುವುದು, ಬಾಯಿ ತೆರೆಯುವುದು, ಮುಚ್ಚುವುದು, ಸೈಕಲ್ಲೋ ಛತ್ರಿಯೋ ಆದರೆ ಕೇಳಬಹುದು, ಇದನ್ನು ಹೇಗೆ ಕೇಳುತ್ತಾರೆ. ಕಡೆಗೆ ಅವನ ತಮ್ಮ ಲುವಾನನೇ ಊಟದ ಚಾಪೆಯ ಮೇಲೆ, ಬಾಯಲ್ಲಿ ಬಸಳೆ ಸೊಪ್ಪು ಇಟ್ಟುಕೊಂಡೇ ಹೇಳಿದ, ನಾನಿದೀನಲ್ಲ ಅಣ್ಣ, ನಂದು ಹೇಗೂ ದಂಡವಾಗೇ ಹೋಗ್ತಿದೆ. ಖಾಂಗ್ ತಟ್ಟೆ ನೋಡುತ್ತಾ ಕೂತ. ಥೋವಾ ನಾಚಿಕೆಯಿಂದ ಅಡುಗೆಮನೆಗೆ ಎದ್ದು ಹೋಗಿ ತೊಳೆದ ಬಟ್ಟಲನ್ನೇ ಮತ್ತೆ ತೊಳೆದಳು. ಅತ್ತೆ ಮಾತ್ರ ಕೈ ಜೋಡಿಸಿ ಮಾವನ ಫೋಟೋ ಕಡೆಗೆ ತಿರುಗಿದ್ದರು.

ತಪ್ಪು ಶುರುವಾದದ್ದು ಅಲ್ಲೇ, ಆ ಚಾಪೆಯ ಮೇಲೇ. ಅತ್ತೆ ತಿಳಿದುಕೊಂಡದ್ದು ಇಷ್ಟು: ಚಿಕ್ಕ ಮಗ ಕೊಡುತ್ತಾನೆ, ದೊಡ್ಡ ಸೊಸೆ ಹೆರುತ್ತಾಳೆ, ಮನೆಯ ರಕ್ತ ಮನೆಯಲ್ಲೇ ಉಳಿಯುತ್ತದೆ, ಆಸ್ಪತ್ರೆಯವರು ನಡುವೆ ಮರ್ಯಾದೆಗೆ ಒಂದು ನಳಿಗೆ ಹಿಡಿಯುತ್ತಾರೆ. ಒಂದು ವಾರ ಅವನಿಗೆ ಶಕ್ತಿ ಬರಲೆಂದು ಸಿಂಪಿ ಗಂಜಿ, ಒಳಗೆ ಮರಿ ಕೂತ ಬಾತುಕೋಳಿ ಮೊಟ್ಟೆ, ಬೆಳಿಗ್ಗೆ ಎರಡು ಸಂಜೆ ಎರಡು, ಇನ್ನೊಂದ್ ತಿನ್ನಿಸಿದ್ರೆ ನಾನೇ ಕೊಳಕ್ಕೆ ಇಳೀತೀನಿ ಅಮ್ಮಾ ಎನ್ನುತ್ತಿದ್ದ, ಬಿಯರು ಬಂದ್, ಸಿಗರೇಟು ಬಂದ್. ಆಸ್ಪತ್ರೆಯ ಆ ಚಿಕ್ಕ ಕೋಣೆಯಿಂದ ಹೊರಗೆ ಬಂದವನು, ಇದೇ ವರಾಂಡದಲ್ಲಿ, ಟಿವಿ ಕೆಟ್ಟಿದೆ ಅತ್ತಿಗೆ, ಬರೀ ಗೋಡೆ ನೋಡ್ಕೊಂಡು ದೇಶಸೇವೆ ಮಾಡ್ಬಂದೆ ಎಂದ, ಇವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು, ನಗುವೂ ಬಂತು. ಸಹಿ ಹಾಕಿದ ಕಾಗದವನ್ನು ಮಡಚುತ್ತಾ ಹೇಳಿದ, ಅಮ್ಮಂಗೆ ಈ ಅದಲುಬದಲು ವಿಷ್ಯ ಹೇಳೋಕ್ ಹೋಗ್ಬೇಡಿ, ನನ್ನ ಮಗಂದು ವಾಪಸ್ ಕೊಡ್ರೀ ಅಂತ ಕೌಂಟರ್ ಮುಂದೆ ಕೂತ್ಬಿಡ್ತಾಳೆ, ಮಗು ಬರ್ಲಿ, ಆಮೇಲೆ ನಾನೇ ನಿಧಾನಕ್ಕೆ ಹೇಳ್ತೀನಿ. ಆಮೇಲೆ ನಾನೇ. ಅವನು ಹೇಳಿದರೆ ಅತ್ತೆ ನಂಬುತ್ತಿದ್ದರು, ಬೈದು, ಪೊರಕೆ ಎತ್ತಿ, ಆಮೇಲೆ ನಕ್ಕು ಸುಮ್ಮನಾಗುತ್ತಿದ್ದರು. ಅವನದು ಪರೀಕ್ಷೆಯಲ್ಲೆಲ್ಲ ಪಾಸಾಗಿ, ಬದಲಿಗೆ ಇವರ ಹೆಸರಿಗೆ ಆ ನಂಬರು ಬಂದು, ಮೊದಲ ಸಲದ ದಿನ ಗೊತ್ತಾದ ವಾರವೇ ಲುವಾನ್ ಬಿದ್ದ — ಗಾಜು ಕೂರಿಸುವ ಕೆಲಸ, ನಾಲ್ಕನೆಯ ಮಹಡಿ, ಬಿದಿರಿನ ಸಾರುವೆ, ಬೆಳಗಿನ ಹತ್ತೂವರೆ — ಖಾಂಗನ ಫೋನು ಬಂದಾಗ ಥೋವಾ ಕಾಲರಿಗೆ ಕ್ಯಾನ್ವಾಸು ಕೂರಿಸುತ್ತಿದ್ದಳು. ಇಪ್ಪತ್ತೊಂಬತ್ತು ವಯಸ್ಸು.

ಅವನು ಸತ್ತ ನಲವತ್ತೊಂಬತ್ತನೆಯ ದಿನದ ಪೂಜೆ ಮುಗಿದು ನೆಂಟರೆಲ್ಲ ಹೋದ ಮೇಲೆ ಅತ್ತೆ ಇವಳ ಮಣಿಕಟ್ಟು ಹಿಡಿದು ಹೇಳಿದ್ದರು, ಅವನು ಪೂರ್ತಿ ಹೋಗಿಲ್ಲ ಕಣೇ, ಸ್ವಲ್ಪ ಆಸ್ಪತ್ರೇಲಿ ಉಳ್ಕೊಂಡಿದಾನೆ, ನೀನು ಕರ್ಕೊಂಡ್ ಬರ್ಬೇಕು. ಆಗ ಹೇಳಬೇಕಿತ್ತು. ಆ ಮುಖ ನೋಡಿಕೊಂಡು ಯಾರು ಹೇಳುತ್ತಾರೆ? ಖಾಂಗ್ ಹಿತ್ತಲಿಗೆ ಕರೆದು ಬೇಡ ಎಂದ, ಅವಳಿಗೆ ಹಿಡ್ಕೊಳ್ಳೋಕೆ ಅದೊಂದೇ ಇರೋದು, ಬಿಡು, ಹುಟ್ಟಿದ್ಮೇಲೆ ಯಾರ ಮಗು ಆದ್ರೇನು, ಎತ್ಕೊಂಡು ಸುಮ್ನಾಗ್ತಾಳೆ. ಹುಟ್ಟಿದರೆ ತಾನೆ. ಸಾವಿನಿಂದ ಮುಂದಕ್ಕೆ ಹೋಗಿದ್ದ ಮೊದಲ ಸಲ ಇಳಿದುಹೋಯಿತು, ಕೆಮ್ಮಿನ ತಲೆಗೆ ಕಟ್ಟಿದರು. ಎರಡನೆಯ ಸಲ ಹದಿನಾರನೆಯ ದಿನ, ಮಂಗಳವಾರ, ಮಿಷನ್ನಿನ ಮುಂದೆ ಕೂತಿದ್ದಾಗ ತೊಡೆಯ ಸಂದಿಯಲ್ಲಿ ಬೆಚ್ಚಗಾದದ್ದು ಗೊತ್ತಾಯಿತು, ಆದರೂ ಏಳದೆ ಆರು ಗುಂಡಿ ಹೊಲಿದಳು, ಏಳದಿದ್ದರೆ ಅದು ಆಗಿಲ್ಲ ಅನ್ನುವ ಹಾಗೆ. ಸಂಜೆ ಹೇಳಿದಳು. ಅತ್ತೆ ಅಳಲಿಲ್ಲ, ಬೈಯಲಿಲ್ಲ, ಬಟ್ಟಲ ತುಂಬ ಅನ್ನ ಒತ್ತಿ ಗೋಪುರ ಮಾಡಿ, ಮೇಲೆ ಬೇಯಿಸಿದ ಮೊಟ್ಟೆ ಇಟ್ಟು, ನಡುವೆ ಊಟದ ಕಡ್ಡಿಗಳನ್ನು ನೆಟ್ಟಗೆ ಚುಚ್ಚಿ ಲುವಾನನ ಫೋಟೋ ಮುಂದೆ ಇಟ್ಟರು. ಈಗಷ್ಟೇ ಉಸಿರು ಬಿಟ್ಟವರ ತಲೆದೆಸೆಗೆ ಇಡುವ ಅನ್ನ ಅದು. ಇಟ್ಟು, ಪೆಟ್ಟಿಗೆಯಿಂದ ಸೂತಕದ ಬಿಳಿ ಪಟ್ಟಿ ತೆಗೆದು ಹಣೆಗೆ ಕಟ್ಟಿಕೊಂಡು ಕೂತರು. ಇವಳ ಮುಟ್ಟಿನ ದಿನ ಮಗನ ಹೆಣ ಎರಡನೆಯ ಸಲ ಮನೆಗೆ ಬಂದಿತ್ತು. ಒದ್ದೆ ಬಟ್ಟೆ ಒಗೆಯುತ್ತಾ ಥೋವಾಗೆ ಮೊದಲ ಸಲ ಸಿಟ್ಟು ಬಂತು, ನನ್ನದೂ ಹೋಗಿದೆಯಲ್ಲ, ನನ್ನದಕ್ಕೆ ಯಾರು ಅನ್ನ ಇಡುತ್ತಾರೆ.

ದಣಿವಾಗಿದೆ. ಯಾವುದಕ್ಕೆ ಬೇಡಿಕೊಳ್ಳಬೇಕು ಅಂತಲೂ ತಿಳಿಯದಷ್ಟು ದಣಿವು. ನಿಲ್ಲದಿದ್ದರೆ ಮತ್ತೆ ಆ ಅನ್ನದ ಬಟ್ಟಲು, ಮೂರನೆಯ ಸಾವು, ಇನ್ನು ಸೀಸೆಯೂ ಇಲ್ಲ, ಇನ್ನೊಬ್ಬ ಗಂಡಸನ್ನು ಎಲ್ಲಿಂದ ಹುಡುಕೋದು. ನಿಂತರೆ? ಹುಟ್ಟಿದ ದಿನದಿಂದಲೇ ಅದರ ಹಣೆ ಲುವಾನನದು, ಕಿವಿ ಲುವಾನನದು, ಅದು ನಕ್ಕರೆ ಅತ್ತೆ ಅಳುತ್ತಾರೆ, ಅದಕ್ಕೆ ಬಾತುಕೋಳಿ ಮೊಟ್ಟೆ ಸೇರದಿದ್ದರೆ ಯಾಕೋ ನಿಂಗಿಷ್ಟ ಇತ್ತಲ್ಲೋ ಎನ್ನುತ್ತಾರೆ, ತೀರಿಕೊಂಡವನ ಅಂಗಿ ಕತ್ತರಿಸಿ ಮಗುವಿಗೆ ಹೊಲಿದ ಹಾಗೆ ಆಗುತ್ತದೆ ಅದರ ಬದುಕೆಲ್ಲ. ಥೋವಾಗೆ ಮಗು ಬೇಕು. ಲುವಾನನ ಮೇಲೆ ಇವಳಿಗೂ ಪ್ರೀತಿ, ಅವನಿಗಾಗಿ ಇವಳೂ ಅತ್ತಿದ್ದಾಳೆ, ಆದರೂ ಅವಳಿಗೆ ಬೇಕಾದದ್ದು ಮಗು, ಮೂವತ್ತೆಂಟು ವರ್ಷದ ಈ ಬೆನ್ನುನೋವಿನ ಹೆಂಗಸಿನದೇ ಒಂದು, ಯಾರ ಬದಲಿಗೂ ಅಲ್ಲದ್ದು. ಮತ್ತೆ ಲುವಾನನದು — ಒಬ್ಬ ಗಂಡಸಿನದು ಒಬ್ಬಳಿಗೆ ಮಾತ್ರ ಕೊಡುವುದಂತೆ, ಹಾಗಾದರೆ ಈ ಹನೋಯಿಯಲ್ಲಿ ಎಲ್ಲೋ ಒಬ್ಬಳಿದ್ದಾಳೆ, ಇಲ್ಲೇ, ಇದೇ ಮಂಚದ ಮೇಲೆ ಮಲಗಿ ಕೆಮ್ಮು ನುಂಗಿದ್ದಳೋ ಏನೋ, ಅವಳಿಗೆ ಅವನು ಬಿದ್ದದ್ದೂ ಗೊತ್ತಿಲ್ಲ, ಇದ್ದದ್ದೂ ಗೊತ್ತಿಲ್ಲ.

ಬಾಗಿಲು ಕಿರ್ ಎಂದಿತು, ಅತ್ತೆ. ನರ್ಸ್ ಹಿಂದಿನಿಂದ ಐದೇ ನಿಮಿಷ ಅಜ್ಜಿ ಅನ್ನುತ್ತಿದ್ದಾಳೆ, ಅತ್ತೆ ಹೂಂ ಹೂಂ ಎನ್ನುತ್ತಾ ಕಂಕುಳಲ್ಲಿ ಫ್ಲಾಸ್ಕು ಹಿಡಿದು ಒಳಗೆ ಬಂದರು, ಗಂಜಿ ತಂದಿದ್ದಾರೆ, ಕೋಳಿ ಗಂಜಿ, ಬೆಳಗಿನಿಂದ ವರಾಂಡದ ಬೆಂಚಿನ ಮೇಲೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಮುಖ ನೋಡಲಿಲ್ಲ, ನೇರ ಹೊಟ್ಟೆಯ ಹತ್ತಿರ ಬಗ್ಗಿದರು, ಹೊದಿಕೆಯ ಮೇಲೆ ಕೈ ಇಟ್ಟರು, ತಣ್ಣನೆ ಕೈ, ಬಾಯಿ ಹತ್ತಿರ ತಂದು, ಲುವಾನ್, ಗಟ್ಟಿಯಾಗಿ ಹಿಡ್ಕೋ ಮಗಾ, ಈ ಸಲ ಬೀಳ್ಬೇಡ. ಈ ಸಲ ಬೀಳಬೇಡ. ಥೋವಾಗೆ ಏನಾಯಿತೋ, ಧೈರ್ಯವಲ್ಲ, ಕರುಣೆಯೂ ಅಲ್ಲ, ಹೊತ್ತ ಮೂಟೆ ಕೈಸೋತು ಜಾರಿದ ಹಾಗೆ ಬಾಯಿಂದ ಬಂದುಬಿಟ್ಟಿತು, ಅತ್ತೆ, ಇದು ಲುವಾನಂದಲ್ಲ. ಕೈ ಅಲ್ಲೇ ಇತ್ತು. ನಾವು ಕರ್ಕೊಂಡ್ ಬಂದವರದ್ದು ನಮಗೆ ಕೊಡಲ್ಲ ಅತ್ತೆ, ಅವನದು ಬೇರೆಯವರಿಗೆ, ಬೇರೆಯವರದು ನಮಗೆ, ಮೊದಲಿಂದಾನೂ ಹಾಗೇನೆ, ಅವನಿಗೂ ಗೊತ್ತಿತ್ತು, ಅವನೇ ಹೇಳ್ತೀನಿ ಅಂದಿದ್ದ. ಎರಡ್ ಸಲ ನಂಬಿಸಿದ್ರಲ್ಲೇ ನನ್ನ, ಎಂದರು ಅತ್ತೆ, ಸಣ್ಣ ದನಿಯಲ್ಲಿ, ಎರಡನೇ ಸಲ ಅನ್ನ ಇಟ್ನಲ್ಲೇ ಅವನಿಗೆ, ನೋಡ್ತಾ ನಿಂತಿದ್ಯಲ್ಲ. ನಿಂತಿದ್ದೆ ಅತ್ತೆ. ಖಾಂಗನಿಗೂ ಗೊತ್ತಾ? ಗೊತ್ತು. ಕೈ ತೆಗೆದರು. ಈಗ ಹೋಗುತ್ತಾರೆ, ಬಾಗಿಲು ಬಡಿದು ಹೋಗುತ್ತಾರೆ, ಇನ್ನು ಈ ಮಗು ಹುಟ್ಟಿದರೂ ಮುಟ್ಟುವುದಿಲ್ಲ, ಆಯಿತು, ಮುಗಿಯಿತು, ಹೊಟ್ಟೆಯ ಮೇಲೆ ಅವರ ಕೈ ಇದ್ದ ಜಾಗ ಇನ್ನೂ ತಣ್ಣಗಿದೆ.

ಹೋಗಲಿಲ್ಲ. ಸ್ಟೂಲು ಎಳೆದು ಕೂತರು. ಹಾಗಾದ್ರೆ ನನ್ನ ಮಗಂದು ಯಾರಿಗ್ ಕೊಟ್ರು? ಗೊತ್ತಿಲ್ಲ ಅತ್ತೆ, ಯಾರೂ ಹೇಳಲ್ಲ. ಈ ಊರಿನವಳೇನಾ? ಇರ್ಬಹುದು. ಅವಳಿಗೆ ನಿಂತಿದ್ಯಾ? ಗೊತ್ತಿಲ್ಲ. ಇಲ್ಲಿಗೇ ಬರ್ತಾಳಾ ತೋರಿಸ್ಕೊಳ್ಳೋಕೆ? ಬರ್ಬಹುದು, ಬಂದ್ರೂ ನಮಗೆ ಗೊತ್ತಾಗಲ್ಲ. ಅತ್ತೆ ತಲೆಯಾಡಿಸಿದರು, ಲೆಕ್ಕಾಚಾರದ ಹೆಂಗಸು, ಯಾವುದನ್ನೂ ಒಂದೇ ಸಲಕ್ಕೆ ನುಂಗುವವರಲ್ಲ. ಫ್ಲಾಸ್ಕಿನ ಮುಚ್ಚಳ ತಿರುಗಿಸಿ ತೆಗೆದು ಬದಿಗಿಟ್ಟರು, ಚಮಚ ತೆಗೆದರು, ಸೆರಗಿಲ್ಲದ ಕುಪ್ಪಸದ ತುದಿಯಿಂದ ಒರೆಸಿದರು, ಬಾಯ್ ತೆಗಿ ಎಂದರು. ಮಲಗಿದವಳ ಬಾಯಿಗೆ ಗಂಜಿ, ಶುಂಠಿ, ಈರುಳ್ಳಿ ಸೊಪ್ಪು, ಕೋಳಿಯ ಎಳೆ ಬೆರಳಿನಿಂದಲೇ ಬಿಡಿಸಿದ್ದು, ಕಣ್ಣಿಂದ ನೀರು ಕಿವಿಯೊಳಕ್ಕೆ ಹರಿಯುತ್ತಿದೆ, ನುಂಗು, ಅಳ್ಬೇಡ, ಅತ್ರೆ ಕೆಮ್ ಬರುತ್ತೆ, ಕೆಮ್ಮಿದ್ರೆ ಇಳಿಯುತ್ತೆ, ಎಂದು ಗದರಿದರು, ಅದೇ ಹಳೆಯ ಗದರಿಕೆ, ಯಾರದ್ದೋ ನಂಬರಿನದ್ದಕ್ಕೂ ಅದೇ ಗದರಿಕೆ, ಥೋವಾ ನುಂಗಿದಳು, ಇನ್ನೊಂದು, ಇನ್ನೊಂದು. ಅರ್ಧಕ್ಕೆ ಬಂದಾಗ ಅತ್ತೆ ಚಮಚ ನಿಲ್ಲಿಸಿ ಒಳಗೆ ಬಗ್ಗಿ ನೋಡಿದರು. ಉಳಿದದ್ದನ್ನು ಮುಚ್ಚಳಕ್ಕೆ ಬಗ್ಗಿಸಿದರು, ಅಂಚಿನ ತನಕ. ಇದ್ಯಾರಿಗೆ ಅತ್ತೆ? ಅವಳಿಗೆ, ಎಂದರು, ಅವಳಿಗೂ ಹಸಿವಾಗಿರುತ್ತಲ್ಲ.

ಎದ್ದರು, ಮೊಣಕೈಯಿಂದ ಬಾಗಿಲು ತಳ್ಳಿ ಹೋದರು, ಬಾಗಿಲು ಪೂರ್ತಿ ಮುಚ್ಚಿಕೊಳ್ಳಲಿಲ್ಲ. ವರಾಂಡದ ಬೆಂಚು ಕಾಣುತ್ತದೆ, ಉದ್ದದ ನೀಲಿ ಬೆಂಚು, ಸಾಲಾಗಿ ಹೆಂಗಸರು, ತೊಡೆಯ ಮೇಲೆ ಫೈಲು, ಒಬ್ಬಳಿಗೆ ಏಳೆಂಟು ತಿಂಗಳಿರಬೇಕು, ಒಬ್ಬಳಿಗೆ ಏನೂ ಕಾಣುತ್ತಿಲ್ಲ, ಒಬ್ಬಳು ಫೋನು ನೋಡುತ್ತಿದ್ದಾಳೆ. ಅತ್ತೆ ಮೊದಲನೆಯವಳ ಮುಂದೆ ನಿಂತಿದ್ದಾರೆ, ಹಿರಿಯರಿಗೆ ಕೊಡುವ ಹಾಗೆ ಎರಡೂ ಕೈಯಲ್ಲಿ ಮುಚ್ಚಳ ಹಿಡಿದು, ಅವಳು ತಲೆಯೆತ್ತಿ ನೋಡುತ್ತಾಳೆ, ಇವಳೇನಾ ಅನ್ನುವ ಹಾಗೆ ಅತ್ತೆಯೂ ನೋಡುತ್ತಾರೆ, ಮುಂದಿನವಳ ಹತ್ತಿರ ಹೋಗುತ್ತಾರೆ. ಇನ್ನು ಹನ್ನೆರಡು ನಿಮಿಷ. ಖಾಂಗನಿಗೆ ಬರೆಯಬೇಕು, ಅಮ್ಮನಿಗೆ ಹೇಳಿದೆ ಎಂದು ಬರೆಯಬೇಕು, ಏನೆನ್ನುತ್ತಾನೋ, ಶನಿವಾರದೊಳಗೆ ನಲವತ್ತು ಕಾಲರು ಮುಗಿಯಬೇಕು — ಮೂರನೆಯವಳು, ಮುಚ್ಚಳದಿಂದ ಆವಿ ಏಳುತ್ತಿದೆ — ಹದಿನಾಲ್ಕು ದಿನ ಕಾಯಬೇಕು, ಹದಿನಾರನೆಯದು ಮಂಗಳವಾರ ಬರುತ್ತದಾ ಬುಧವಾರವಾ, ಎಣಿಸಬೇಕು, ಎಣಿಸಲು ಹೋದರೆ ಮುಚ್ಚಳ, ಅಂಚಿನ ತನಕ ಗಂಜಿ, ಒಂದು ತೊಟ್ಟೂ ಚೆಲ್ಲುತ್ತಿಲ್ಲ, ನಾಲ್ಕನೆಯವಳು, ಎರಡು ಕೈ, ಮುಚ್ಚಳ, ಐದನೆಯವಳು, ಮುಚ್ಚಳ.